ನಮ್ಮವರಿಗೆ ಎರಡು ಕಡಿಮೆ

ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮರ್ಯಾದೆಗೂ ಅಲ್ಲ, ಭಯಕ್ಕೂ ಅಲ್ಲ. ಯಾರ ಬಗ್ಗೆ ತೀರ್ಪು ಕೊಡುವುದಿದ್ದರೂ ಮೊದಲು ಹೆಸರಿನ ಮೇಲೆ ಚೀಟಿ ಅಂಟಿಸಬೇಕು ಎಂದು ನನಗೆ ಕಲಿಸಿದವರು ಅವರೇ. ಕಲಿತ ಪಾಠವನ್ನು ಅವರಿಗೇ ಒಪ್ಪಿಸುತ್ತಿದ್ದೇನೆ.

ತಮಿಳು ಸೀಮೆಗೆ ಸೇರಿದ ನಮ್ಮ ಕನ್ನಡದ ಊರು ತಾಳವಾಡಿಯ ಬಸ್ ನಿಲ್ದಾಣದ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ತಾಲೂಕು ಆಫೀಸಿಗೆ ತಮಿಳಿನಲ್ಲಿ ಮನು, ಅಂದರೆ ಅರ್ಜಿ, ಬರೆದುಕೊಡುವುದು, ಲಗ್ನಪತ್ರಿಕೆ, ತಿಥಿ ಕಾರ್ಡು ಅಚ್ಚು ಹಾಕಿಕೊಡುವುದು ನನ್ನ ಕೆಲಸ. ಮೇಷ್ಟ್ರ ತಿಥಿ ಕಾರ್ಡೂ ನನ್ನಲ್ಲಿಗೇ ಬಂತು. ಫೋಟೊದ ಕೆಳಗೆ ‘ನ್ಯಾಯವಂತರು’ ಎಂದು ಹಾಕಿಸಲೇಬೇಕು ಎಂದು ಜೊತೆಗೆ ಬಂದ ನಾಲ್ಕು ಜನ ಪಟ್ಟು ಹಿಡಿದರು. ಆ ನಾಲ್ವರಲ್ಲಿ ಮೇಷ್ಟ್ರ ಕೈಯಲ್ಲಿ ಪೇಪರು ತಿದ್ದಿಸಿಕೊಂಡವರು ಒಬ್ಬರೂ ಇರಲಿಲ್ಲ. ಮೇಷ್ಟ್ರ ಹೆಂಡತಿ ಬಾಗಿಲ ಬಳಿಯೇ ನಿಂತು, “ಅದೆಲ್ಲ ಬ್ಯಾಡ ಕಣವ್ವಾ, ಫೋಟ ಇದ್ರೆ ಸಾಕು” ಎಂದರು. ನಾನು ಅವರ ಮಾತನ್ನೇ ನಡೆಸಿದೆ.

ಮೇಷ್ಟ್ರು ನೋಡುವುದಕ್ಕೆ ಒಣಗಿದ ಜೋಳದ ದಂಟು. ತೋಳು ಮುಚ್ಚುವ ಬಿಳಿ ಅಂಗಿ, ಜೇಬಿನಲ್ಲಿ ಒಂದೇ ಒಂದು ಕೆಂಪು ಪೆನ್ನು. ನೀಲಿ ಪೆನ್ನು ಬೇಕಾದರೆ ಬೇರೆಯವರನ್ನು ಕೇಳುತ್ತಿದ್ದರು. ಕಣ್ಣಿಗೆ ಬಿದ್ದದ್ದಕ್ಕೆಲ್ಲ ನೂರಕ್ಕೆ ಇಷ್ಟು ಎಂದು ಅಂಕ ಹಾಕುವುದು ಅವರ ಚಟ. ಅಂಕ ಹಾಕುವ ಮುಂಚೆ ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಮೂಗಿನ ಮೇಲಿನ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದರು. ಆ ಉಜ್ಜಾಟ ಕಂಡರೆ ತರಗತಿಯಲ್ಲಿ ನಾವೆಲ್ಲ ತಲೆ ತಗ್ಗಿಸಿ ಪುಸ್ತಕ ತೆರೆಯುತ್ತಿದ್ದೆವು. ಹಾಸನೂರಿನ ಹತ್ತಿರ ಆನೆ ಅಡ್ಡ ನಿಂತು ಬಸ್ಸು ಒಂದು ಗಂಟೆ ತಡವಾದರೆ ಡ್ರೈವರನ ತಾಳ್ಮೆಗೆ ಎಪ್ಪತ್ತು, ಆನೆಗೆ ಎಂಬತ್ತೈದು. ಪಕ್ಕದ ಮನೆಯ ಉಪ್ಪಿಟ್ಟಿಗೆ ಅರವತ್ತು. ಅದೇ ರವೆ, ಅದೇ ಈರುಳ್ಳಿ ಹಾಕಿ ಹೆಂಡತಿ ಮಾಡಿದ ಉಪ್ಪಿಟ್ಟಿಗೆ ಐವತ್ತೆಂಟು.

“ಅದ್ಯಾಕ್ ಸಾರ್ ಎರಡು ಕಮ್ಮಿ?” ಎಂದು ಯಾರಾದರೂ ಕೇಳಿದರೆ, “ನಮ್ಮೋರಲ್ವಾ? ನಮ್ಮೋರಿಗೆ ಎರಡು ಕಡಿಮೆ” ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು. ಹೆಂಡತಿ ನಕ್ಕಿದ್ದನ್ನು ನಾನು ನೋಡಿಲ್ಲ.

ನನ್ನ ಅಕ್ಷರ ದುಂಡಗಿದೆ. ಅಂಗಡಿಗೆ ಬಂದವರೆಲ್ಲ ಅದನ್ನು ಹೊಗಳುತ್ತಾರೆ. ಆ ದುಂಡು ಹುಟ್ಟುತ್ತ ಬಂದದ್ದಲ್ಲ. ಒಂಬತ್ತನೆಯ ತರಗತಿಯಲ್ಲಿ ಮೇಷ್ಟ್ರು ನನ್ನ ಬೆರಳ ಗೆಣ್ಣಿನ ಮೇಲೆ ಅಡಿಪಟ್ಟಿಯ ಅಂಚಿನಿಂದ ಹೊಡೆದು ಹೊಡೆದು ತಿದ್ದಿಸಿದ್ದು. ಉಳಿದವರಿಗೆ ವಾರಕ್ಕೊಂದು ಪುಟ ಕಾಪಿ ಬರೆಯುವ ಶಿಕ್ಷೆ, ನನಗೆ ದಿನಕ್ಕೊಂದು. “ನಿನ್ನ ಕೈಲಿ ಆಗ್ತದೆ, ಅದಕ್ಕೇ ನಿಂಗೆ ಜಾಸ್ತಿ” ಎನ್ನುತ್ತಿದ್ದರು. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಹದಿನಾಲ್ಕು ವರ್ಷದ ಹುಡುಗಿಗೆ ಹೊಡೆತಕ್ಕೂ ಪ್ರೀತಿಗೂ ವ್ಯತ್ಯಾಸ ಹೇಳಿಕೊಡುವವರು ಯಾರೂ ಇರಲಿಲ್ಲ.

ಹತ್ತನೆಯ ತರಗತಿಯ ಕನ್ನಡ ಪರೀಕ್ಷೆಯ ದಿನ ನನಗೆ ಮೈ ಸುಡುವ ಜ್ವರ. ಅರ್ಧ ಪೇಪರು ಖಾಲಿ ಬಿಟ್ಟು ಬಂದೆ. ಶಾಲೆಯ ಗೇಟಿನಲ್ಲಿ ಮೇಷ್ಟ್ರೇ ನನ್ನ ಹಣೆ ಮುಟ್ಟಿ ನೋಡಿ ಅಪ್ಪನನ್ನು ಕರೆಸಿದರು. ಬರೆದಷ್ಟನ್ನು ಮಾತ್ರ ದುಂಡಗೆ ಬರೆದಿದ್ದೆ. ಗಣಿತ, ವಿಜ್ಞಾನ ಎರಡರಲ್ಲೂ ತೊಂಬತ್ತರ ಮೇಲೆ ಬಂತು. ಕನ್ನಡದಲ್ಲಿ ಮೂವತ್ತಮೂರು. ಪಾಸಾಗಲು ಮೂವತ್ತೈದು ಬೇಕು.

ನನಗೆ ನರ್ಸ್ ಆಗಬೇಕಿತ್ತು. ಸತ್ಯಮಂಗಲದ ಹಾಸ್ಟೆಲಿನ ಅರ್ಜಿ ತಂದಿಟ್ಟುಕೊಂಡಿದ್ದೆ. ಅಪ್ಪ ಅಂಕಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಮನೆ ಮಾತ್ನಲ್ಲೇ ಪೇಲಾಗ್ಬುಟ್ಟವ್ಳೆ, ಇನ್ಯಾತರ ಓದ್ಲಾ ಇವ್ಳಿಗೆ” ಎಂದು ಅಣ್ಣನಿಗೆ ಹೇಳಿದ. ಮತ್ತೆ ಪರೀಕ್ಷೆಗೆ ಕೂರಬಹುದಿತ್ತು. ಆ ಅರ್ಜಿ ಕೈಗೆ ಬರುವ ಮೊದಲೇ ಅಂಗಳದಲ್ಲಿ ಚಪ್ಪರ ಎದ್ದಿತು. ಆಗ ನನಗೆ ಹದಿನಾರು. ಕೊಳ್ಳೇಗಾಲದ ಕಡೆಯ ಗಂಡ. ಆರು ವರ್ಷ ಅಲ್ಲಿದ್ದು ತಿರುಗಿ ಬಂದೆ. ಅಲ್ಲಿನ ಕತೆಯೆಲ್ಲ ಇಲ್ಲಿ ಬೇಡ. ನನ್ನ ಬಲಗಿವಿ ಈಗಲೂ ಕೇಳಿಸುವುದಿಲ್ಲ ಎಂದಷ್ಟು ಹೇಳಿದರೆ ಸಾಕು.

ಬಂದ ಮೇಲೆ ಟೈಪಿಂಗ್ ಕಲಿತೆ, ಬಿಟ್ಟುಹೋಗಿದ್ದ ಕನ್ನಡವನ್ನೂ ಬರೆದು ಪಾಸು ಮಾಡಿದೆ, ಅಂಗಡಿ ಹಾಕಿದೆ. ಮೇಷ್ಟ್ರು ನಿವೃತ್ತರಾದ ವರ್ಷ ಒಂದು ಮಧ್ಯಾಹ್ನ ಅಂಗಡಿಗೆ ಬಂದು, “ಇಂಟರ್ನೆಟ್ಟಿಂದ ಒಂದು ಪುಸ್ತಕ ತೆಗೆದುಕೊಡಬೇಕಲ್ಲಮ್ಮಾ” ಎಂದರು. ಜಗತ್ತಿನ ಒಂದೊಂದು ದೇಶದಲ್ಲೂ ಮನುಷ್ಯರ ಹಕ್ಕುಗಳ ಗತಿ ಏನಾಗಿದೆ ಎಂದು ವರ್ಷಕ್ಕೊಮ್ಮೆ ಹೊರಗೆ ಬರುವ ವರದಿ ಅದು. ಅಂಥವು ಎರಡು ಮೂರು ಇವೆಯಂತೆ. ಒಂದನ್ನು ಒಂದು ದೊಡ್ಡ ದೇಶದ ಸರ್ಕಾರವೇ ಬರೆಯುತ್ತದೆ, ಇನ್ನೊಂದನ್ನು ಯಾವ ಸರ್ಕಾರಕ್ಕೂ ಸೇರದ ಸಂಸ್ಥೆಯವರು ಬರೆಯುತ್ತಾರೆ. ಪೇಪರಿನಲ್ಲಿ ಅದರ ಬಗ್ಗೆ ನಮ್ಮ ಸರ್ಕಾರದವರು ‘ಪಕ್ಷಪಾತದ ವರದಿ’ ಎಂದು ಸಿಟ್ಟಾಗಿದ್ದನ್ನು ಓದಿ ಮೇಷ್ಟ್ರಿಗೆ ಕೆಂಪು ಪೆನ್ನು ತುರಿಸಿತ್ತು. “ಪಕ್ಷಪಾತ ಹೌದೋ ಅಲ್ವೋ ಅಂತ ಬೈದೋರೂ ಓದಿಲ್ಲ, ಬೈಸ್ಕಂಡೋರೂ ಓದಿಲ್ಲ. ನಾನು ತಿದ್ತೀನಿ” ಎಂದರು.

ತಿದ್ದಿದರು. ಹದಿಮೂರು ವರ್ಷ ತಿದ್ದಿದರು.

ವಿಧಾನವನ್ನು ಅವರು ತಂದದ್ದು ಪರೀಕ್ಷೆಯ ಪೇಪರು ತಿದ್ದುವ ಕ್ಯಾಂಪಿನಿಂದ. ಅಲ್ಲಿ ಉತ್ತರ ಪತ್ರಿಕೆಯ ಮೇಲಿನ ನಂಬರನ್ನು ಮುಚ್ಚಿ ಬೇರೊಂದು ಸುಳ್ಳು ನಂಬರು ಹಾಕಿರುತ್ತಾರೆ, ಯಾರ ಪೇಪರು ಎಂದು ತಿದ್ದುವವರಿಗೆ ಗೊತ್ತಾಗಬಾರದು ಎಂದು. ಮೇಷ್ಟ್ರು ವರದಿಯ ಹಾಳೆಗಳಲ್ಲಿ ದೇಶದ ಹೆಸರು ಬಂದಲ್ಲೆಲ್ಲ ಗಂಜಿ ಸವರಿದ ಚೀಟಿ ಅಂಟಿಸುತ್ತಿದ್ದರು. ರಾಜಧಾನಿ, ನದಿ, ಮಂತ್ರಿ ಯಾವುದೂ ಕಾಣಬಾರದು. ವರದಿ ಬರೆದವರ ಕೊನೆಯ ಮಾತಿರುವ ಪ್ಯಾರಾವನ್ನು ಮಡಿಸಿ ಕ್ಲಿಪ್ಪು ಹಾಕುತ್ತಿದ್ದರು. ಆಮೇಲೆ ನಿಘಂಟು ಇಟ್ಟುಕೊಂಡು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುವರು. ಕೇಳಿದವರು ಆ ದೇಶಕ್ಕೆ ಅಂಕ ಹಾಕಬೇಕು. ಅಂಕ ಬಿದ್ದ ಮೇಲೆ ಚೀಟಿ ಕೀಳುವುದು, ಮಡಿಕೆ ಬಿಚ್ಚುವುದು. ನಮಗೆ ಬಂದಷ್ಟೇ ಸಿಟ್ಟು ವರದಿಗೂ ಬಂದಿದ್ದರೆ ವರದಿ ಪಾಸು. ನಾವು ಇಪ್ಪತ್ತು ಹಾಕಿದ ದೇಶದ ಬಗ್ಗೆ ವರದಿ ‘ಸ್ವಲ್ಪ ಕಳವಳವಿದೆ’ ಎಂದು ಬೆನ್ನು ಸವರಿದ್ದರೆ, ಅದು ಬರೆದವರ ನೆಂಟರ ದೇಶವೇ ಎಂದು ಮೇಷ್ಟ್ರು ಹೇಳುತ್ತಿದ್ದರು. ಹೆಚ್ಚಿನ ಸಲ ಹಾಗೆಯೇ ಆಗುತ್ತಿತ್ತು.

ಅಂಕ ಹಾಕುವವರು ಇಬ್ಬರೇ, ನಾನು ಮತ್ತು ಮಾದಪ್ಪಣ್ಣ. ಮಾದಪ್ಪಣ್ಣ ನಮ್ಮ ಪಕ್ಕದ ಹೊಲದವನು. ಕೋಸು ಲಾರಿಗೆ ತುಂಬಿಸಿ ಬಂದವನು ಬಸ್ಸು ಬರುವ ತನಕ ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದ. ಮೊದಲ ವರ್ಷವೇ ಅವನು ವರದಿಯನ್ನು ಕಂಡು ಮೂಗು ಮುರಿದ.

“ಏನ್ ಮೇಷ್ಟ್ರೇ, ಊರ್ ಮಂದಿ ಮ್ಯಾಲೆಲ್ಲ ಚಾಡಿ ಯೋಳೋ ಬುಕ್ಕಾ ಇದು? ಇಂಥೋರ್ನ ಗುಮಟಾಪುರ್ದಲ್ಲಿ ಉಲ್ಲಿನ ಮೀಸೆ ಕಟ್ಟಿ ಕತ್ತೆ ಮ್ಯಾಲೆ ಕೂರುಸ್ತಾರೆ.”

ದೀಪಾವಳಿಯಾದ ಮೇಲೆ ಗುಮಟಾಪುರದ ಸಗಣಿ ಹಬ್ಬದಲ್ಲಿ ಚಾಡಿಕೋರನ ವೇಷ ಹಾಕಿಸಿ ಕತ್ತೆಯ ಮೇಲೆ ಮೆರೆಸಿ ಬಾಯಿಗೆ ಬಂದಂತೆ ಬೈಯುತ್ತಾರೆ. ಮಾದಪ್ಪಣ್ಣ ಒಂದು ವರ್ಷವೂ ಅದನ್ನು ತಪ್ಪಿಸಿಕೊಂಡವನಲ್ಲ.

“ಚಾಡಿಕೋರನಿಗೂ ಸಾಕ್ಷಿಗೂ ವ್ಯತ್ಯಾಸ ಅದೆ ಮಾದಪ್ಪಾ” ಎಂದರು ಮೇಷ್ಟ್ರು. “ಚಾಡಿ ಹೇಳೋನು ತನ್ನ ಮನೇದು ಬುಟ್ಟು ಉಳಿದಿದ್ದೆಲ್ಲ ಹೇಳ್ತಾನೆ. ಸಾಕ್ಷಿ ಹೇಳೋನು ತನ್ನ ಮನೆಯಿಂದ್ಲೇ ಶುರು ಮಾಡ್ತಾನೆ. ಈ ದೊಡ್ಡ ದೇಶದ ಸರ್ಕಾರ ಬರೆದಿರೋ ಪುಸ್ತಕದಲ್ಲಿ ಎಲ್ಲ ದೇಶವೂ ಅದೆ, ಅವರದ್ದೊಂದು ಇಲ್ಲ. ಆದ್ರೂ ಅದ್ರಲ್ಲಿರೋದೆಲ್ಲ ಸುಳ್ಳು ಅಂತ ಹೇಳಂಗಿಲ್ಲ. ಚಾಡಿಕೋರನೂ ಎಷ್ಟೋ ಸಲ ನಿಜಾನೇ ಹೇಳಿರ್ತಾನೆ.”

ಇಂಥ ಮಾತಿನಲ್ಲಿ ಅವರನ್ನು ಮೀರಿಸುವವರು ಈ ಬೆಟ್ಟದ ಮೇಲೆ ಇರಲಿಲ್ಲ. ಒಮ್ಮೆ ಒಂದು ದೇಶದ ಮೇಲೆ ದಪ್ಪ ಕಟ್ಟು, ಇನ್ನೊಂದರ ಮೇಲೆ ಎರಡೇ ಹಾಳೆ ಬಂದಿತ್ತು. ನಾನು ದಪ್ಪ ಕಟ್ಟಿನ ದೇಶವೇ ಕೆಟ್ಟದ್ದು ಎಂದು ಕಡಿಮೆ ಅಂಕ ಹಾಕಿದೆ. ಮೇಷ್ಟ್ರು ಬೈದರು. ದಪ್ಪ ಕಟ್ಟಿನ ದೇಶದಲ್ಲಿ ಕೋರ್ಟಿದೆ, ಪೇಪರಿದೆ, ಅತ್ತರೆ ಕೇಳಿಸುತ್ತದೆ, ಕೇಳಿಸಿದ್ದನ್ನು ಬರೆದಿದ್ದಾರೆ. ಎರಡು ಹಾಳೆಯ ದೇಶದಲ್ಲಿ ಅಳುವವರ ಬಾಯಿಗೆ ಬಟ್ಟೆ ತುರುಕಿದ್ದಾರೆ. “ಖಾಲಿ ಬಿಟ್ಟ ಪೇಪರಿಗೆ ತಪ್ಪಿಲ್ಲ ಅಂತ ಪೂರಾ ಅಂಕ ಕೊಡ್ತೀಯಾ?” ಎಂದರು. ಖಾಲಿ ಪೇಪರಿನ ಮಾತು ನನಗೆ ಎಲ್ಲಿ ನಾಟಿತು ಎಂಬುದು ಅವರಿಗೆ ಗೊತ್ತಾಗಲಿಲ್ಲ.

ಮರೆಯಲಾರದ ಇನ್ನೊಂದು ಮಧ್ಯಾಹ್ನವಿದೆ. ಚೀಟಿ ಅಂಟಿಸಿದ ಒಂದು ದೇಶದ ಹಾಳೆ ಓದುತ್ತ ಮೇಷ್ಟ್ರು, “ಇಲ್ಲಿ ಕೆಲವು ಕಡೆ ಹೆಣ್ಣುಮಕ್ಕಳನ್ನ ವಯಸ್ಸು ತುಂಬೋ ಮುಂಚೆ ಶಾಲೆ ಬಿಡಿಸಿ ಮದುವೆ ಮಾಡ್ತಾರೆ. ಕಾನೂನು ಅದೆ, ತಡೆಯೋರಿಲ್ಲ” ಎಂದರು. ಮಾದಪ್ಪಣ್ಣ ಬೆಂಚಿನಿಂದ ಎದ್ದು ಬಾಗಿಲಾಚೆ ಎಲೆಯಡಿಕೆ ಉಗಿದು ಬಂದ.

“ಥೂ, ಯಾವ್ ದ್ಯಾಸ್ವೋ ಅದು! ಎಣ್ ಮಕ್ಳ ಒಟ್ಟೆ ಉರ್ಸೋ ನನ್ಮಕ್ಳು. ಅತ್ತೇ ಅತ್ತು ಆಕಿ ಮೇಷ್ಟ್ರೇ.”

ಮೇಷ್ಟ್ರು ಹತ್ತು ಎಂದು ಬರೆದುಕೊಂಡು ಚೀಟಿ ಕಿತ್ತರು. ನಮ್ಮದೇ ದೇಶ. ಮಾದಪ್ಪಣ್ಣನ ಮುಖ ಇಳಿಯಿತು. “ಅಂಗಾದ್ರೆ ತಿದ್ದಿ. ನಮ್ದು ಅಂತ ಮೊದ್ಲೇ ಯೋಳ್ಬಾರ್ದಾ? ಐವತ್ತಾದ್ರೂ ಆಕಿ” ಎಂದ. ನನ್ನ ಮದುವೆಯ ಪಂಕ್ತಿಯಲ್ಲಿ ಪಾಯಸದ ಬಕೀಟು ಹಿಡಿದು ಓಡಾಡಿದವನು ಇದೇ ಮಾದಪ್ಪಣ್ಣ. ನನಗೆ ನಗು ಬಂತು. ಒಳ್ಳೆಯ ನಗುವಲ್ಲ.

“ಹೆಸರು ಗೊತ್ತಾದ ಮೇಲೆ ತಿದ್ದೋದು ಅನ್ನೋದೇ ಅನ್ಯಾಯ ಕಣಪ್ಪಾ” ಎಂದರು ಮೇಷ್ಟ್ರು. ಹತ್ತನ್ನು ಹೊಡೆದು ಎಂಟು ಮಾಡಿದರು. “ನಮ್ಮೋರಿಗೆ ಎರಡು ಕಡಿಮೆ.”

ನಾನು ಸುಮ್ಮನಿರಬಹುದಿತ್ತು. “ಅದೂ ತಿದ್ದಿದ್ದೇ ಅಲ್ವಾ ಸಾರ್? ಮ್ಯಾಲಕ್ ತಿದ್ದುದ್ರೆ ಅನ್ಯಾಯ, ಕೆಳಕ್ ತಿದ್ದುದ್ರೆ ನ್ಯಾಯವಾ?” ಎಂದು ಕೇಳಿಬಿಟ್ಟೆ.

ಮೇಷ್ಟ್ರಿಗೆ ಖುಷಿಯಾಯಿತು. ಪ್ರಶ್ನೆ ಕೇಳಿದರೆ ಅವರಿಗೆ ಯಾವಾಗಲೂ ಖುಷಿ. ಕುರ್ಚಿ ಎಳೆದುಕೊಂಡು ಕೂತು ಕ್ಯಾಂಪಿನ ಕತೆ ಹೇಳಿದರು. ದಿಂಬಂನಲ್ಲಿ ಟೀ ಕುಡಿದು, ಘಾಟಿಯ ತಿರುವುಗಳನ್ನು ಇಳಿದು, ಬಯಲಿನ ಒಂದೂರಿನಲ್ಲಿ ಹತ್ತು ದಿನ ಪೇಪರು ತಿದ್ದುವ ಕ್ಯಾಂಪು. ದೊಡ್ಡ ಹಾಲಿನ ತುಂಬ ತಮಿಳು ಮೇಷ್ಟ್ರುಗಳು. ಮೂಲೆಯ ಒಂದೇ ಒಂದು ಮೇಜಿನ ಸುತ್ತ ನಾಲ್ಕು ಜನ ಕನ್ನಡ ಮೇಷ್ಟ್ರುಗಳು. ಈ ಕಡೆಯ ಬೆಟ್ಟದ ಕನ್ನಡ ಪೇಪರೆಲ್ಲ ಅದೇ ಮೇಜಿಗೆ ಬೀಳುತ್ತಿತ್ತು.

“ತಮಿಳಿನೋರಿಗೆ ಸುಳ್ಳು ನಂಬರು ಸರಿ, ಸಾವಿರಾರು ಮಕ್ಕಳು. ನಮಗೆ ಯಾತರ ಸುಳ್ಳು ನಂಬರಮ್ಮಾ? ನಾವೇ ಅಕ್ಷರ ಕಲಿಸಿದ ಮಕ್ಕಳು. ನಂಬರು ಮುಚ್ಚಿದ್ರೆ ಕೈಬರಹ ಮುಚ್ಚೋಕಾಯ್ತದಾ? ಉಳಿದ ಮೂವರೂ ತಂತಮ್ಮ ಮಕ್ಕಳ ಅಕ್ಷರ ಕಂಡ್ರೆ ಒಂದೋ ಎರಡೋ ಜಾಸ್ತಿ ಬಿಡೋರು. ನಾನು ನಮ್ಮ ಮಕ್ಕಳ ಅಕ್ಷರ ಗೊತ್ತಾಯ್ತಾ, ಎರಡು ಕಳೆದು ಹಾಕೋನು. ನನ್ನ ಮೇಲೆ ಒಬ್ಬ ಬೆರಳು ತೋರಿಸ್ಲಿಲ್ಲ. ಇಪ್ಪತ್ತೆಂಟು ವರ್ಷ!”

ಅವರು ಎದೆ ಮುಂದೆ ಮಾಡಿ ಹೇಳಿದರು. ನನ್ನ ಮುಖವನ್ನೇ ನೋಡುತ್ತ ಹೇಳಿದರು. ನನ್ನ ಪೇಪರು ಅವರಿಗೆ ನೆನಪಾದಂತೆ ಕಾಣಲಿಲ್ಲ. ಜೆರಾಕ್ಸ್ ಮೆಷಿನ್ನು ಓಡುತ್ತಿತ್ತು, ನಾನು ಹಾಳೆ ತೆಗೆಯುತ್ತಿದ್ದೆ. ಮೂವತ್ತಮೂರಕ್ಕೆ ಎರಡು ಕೂಡಿಸಲು ಗಣಿತದಲ್ಲಿ ತೊಂಬತ್ತು ತೆಗೆದಿರಬೇಕಿಲ್ಲ. ಬಿಸಿ ಹಾಳೆಗಳನ್ನು ಜೋಡಿಸಿ ಪಿನ್ನು ಹೊಡೆದು ಅವರ ಕೈಗೆ ಕೊಟ್ಟೆ. “ನಾಳೆ ಆಫ್ರಿಕಾದ ಕಡೆಯವು ತೆಗೆಯಮ್ಮಾ” ಎಂದು ಹೇಳಿ ಹೋದರು.

ಆ ದಿನವೇ ಕೂಗಾಡಬಹುದಿತ್ತು. ಕೂಗಾಡಿದ್ದರೆ ಅವರು ವಾದ ಮಾಡುತ್ತಿದ್ದರು, ವಾದದಲ್ಲಿ ಗೆಲ್ಲುತ್ತಿದ್ದರು. ನನಗೆ ಅವರ ಬಾಯಿಂದಲೇ ತೀರ್ಪು ಬರಬೇಕಿತ್ತು. ಅದಾದ ಮೇಲೆ ದೇಶಗಳಿಗೂ ವರದಿಗೂ ಬಿದ್ದ ಅಂಕದ ನೋಟ್‌ಬುಕ್ಕನ್ನು ನಾನೇ ಬರೆಯಲು ಶುರು ಮಾಡಿದೆ. ಚೀಟಿ ಅಂಟಿಸುವುದನ್ನೂ ನಾನೇ ವಹಿಸಿಕೊಂಡೆ. ನನ್ನ ಬದಲು ಮೇಷ್ಟ್ರೇ ಅಂಕ ಹಾಕತೊಡಗಿದರು. ಹಾಗೆ ನಾಲ್ಕು ವರ್ಷ ಕಳೆಯಿತು. ನನ್ನ ದ್ವೇಷಕ್ಕೆ ಆತುರ ಇರಲಿಲ್ಲ.

ಹೋದ ವರ್ಷ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತು. ಅಂಗಡಿಗೆ ಬರುವುದು ನಿಂತಿತು. ವರದಿ ಬಂದ ಮೇಲೆ ನಾನೇ ಅವರ ಮನೆಗೆ ಹೋಗಿ ಜಗಲಿಯಲ್ಲಿ ಕೂತು ಓದುತ್ತಿದ್ದೆ. ನನಗೆ ಬರುವಷ್ಟು ಇಂಗ್ಲಿಷನ್ನು ಮೊಬೈಲಿನ ಸಹಾಯದಿಂದ ಕನ್ನಡ ಮಾಡುತ್ತಿದ್ದೆ. ಕಣ್ಣು ಹೋದರೂ ಕನ್ನಡಕ ತೆಗೆದು ಮೂಗು ಉಜ್ಜುವುದನ್ನು ಅವರು ಬಿಡಲಿಲ್ಲ. ಕಾಣದವರಿಗೆ ಚೀಟಿ ಯಾಕೆ, ಹೆಸರು ಹೇಳದಿದ್ದರೆ ಸಾಕಲ್ಲ ಎಂದರೆ ಒಪ್ಪಲಿಲ್ಲ. ಚೀಟಿ ಕಿತ್ತ ಶಬ್ದ ಅವರಿಗೆ ಕೇಳಿಸಬೇಕಿತ್ತು.

ಒಂದು ಸಂಜೆ, ಇನ್ನೂ ಬಿಸಿಲಿತ್ತು, ನಾನು ವರದಿಯಲ್ಲಿ ಇಲ್ಲದ ಒಂದು ದೇಶವನ್ನು ಓದಿದೆ. ವಾರವಿಡೀ ಕೂತು ವರದಿಯ ಭಾಷೆಯಲ್ಲೇ ಬರೆದುಕೊಂಡು ಹೋಗಿದ್ದೆ.

“ಇದು ಚಿಕ್ಕ ಬೆಟ್ಟದ ದೇಶ. ಇಲ್ಲಿನ ಒಬ್ಬ ಅಧಿಕಾರಿಯು ತನ್ನ ಕುಲದವರ ಅರ್ಜಿಗಳನ್ನು ಇತರರ ಅರ್ಜಿಗಳಿಗಿಂತ ಕಠಿಣವಾಗಿ ನೋಡುತ್ತಾನೆ. ತನ್ನನ್ನು ಯಾರೂ ಪಕ್ಷಪಾತಿ ಎನ್ನಬಾರದು ಎಂಬುದೇ ಇದಕ್ಕೆ ಕಾರಣ. ಒಬ್ಬ ಬಾಲಕಿಯು ಕಾಯಿಲೆಯಲ್ಲಿದ್ದಳೆಂದು ಅಧಿಕಾರಿಗೆ ತಿಳಿದಿತ್ತು. ಅವಳ ಅರ್ಜಿ ನಿಯಮದ ಪ್ರಕಾರ ಮಂಜೂರಾಗುವಂತಿತ್ತು. ಆದರೂ ಅವನು ಅದನ್ನು ತಿರಸ್ಕರಿಸಿದನು. ಬಾಲಕಿಯ ವಿದ್ಯಾಭ್ಯಾಸ ನಿಂತಿತು. ವಯಸ್ಸು ತುಂಬುವ ಮೊದಲೇ ಮದುವೆಯಾಯಿತು. ಗಂಡನ ಹೊಡೆತದಿಂದ ಒಂದು ಕಿವಿ ಹೋಯಿತು. ಅಧಿಕಾರಿಯನ್ನು ಯಾರೂ ಪ್ರಶ್ನಿಸಿಲ್ಲ. ಆ ದೇಶದಲ್ಲಿ ಅವನಿಗೆ ನ್ಯಾಯವಂತನೆಂಬ ಹೆಸರಿದೆ.”

ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮೇಷ್ಟ್ರು ಕನ್ನಡಕ ತೆಗೆದು ಮೂಗು ಉಜ್ಜಿದರು. ಬಹಳ ಹೊತ್ತು ಉಜ್ಜಿದರು.

“ಇದು ಲಂಚ ತಿನ್ನೋದಕ್ಕಿಂತ ಕೆಟ್ಟದ್ದು” ಎಂದರು. “ಲಂಚ ತಗಂಡೋನಿಗೆ ತಾನು ಕಳ್ಳ ಅಂತ ಗೊತ್ತಿರ್ತದೆ. ಈ ಮನುಷ್ಯ ಆ ಹುಡುಗಿ ಬಾಳು ಮಾರಿ ತನಗೊಂದು ಹೆಸರು ತಗಂಡವ್ನೆ. ಹನ್ನೆರಡು ಹಾಕು. ವರದಿ ಏನಂತದೆ?”

“ಕಳವಳ ಅಂತದೆ ಸಾರ್. ಸ್ವಲ್ಪ ಕಳವಳ.”

“ಸಾಲದು! ಹಂಗಾದ್ರೆ ಇದು ಬರೆದೋರ ನೆಂಟರ ದೇಶವೇ. ಕೀಳಮ್ಮಾ ಚೀಟೀನ.”

ಕೀಳಲು ಚೀಟಿ ಇರಲಿಲ್ಲ. ಶಬ್ದಕ್ಕೆಂದು ಹಾಳೆಯ ಮೂಲೆಯನ್ನು ಹರಿದೆ.

“ತಾಳವಾಡಿ ಸಾರ್” ಎಂದೆ. “ಅರ್ಜಿ ಅಂದಿದ್ದು ಹತ್ತನೇ ಕ್ಲಾಸಿನ ಕನ್ನಡ ಪೇಪರು. ಅಧಿಕಾರಿ ನೀವು. ಆ ಉಡುಗಿ ನಾನು.”

ಅವರ ಹೆಂಡತಿ ಸೆರಗಿನಲ್ಲಿ ಕೈ ಒರೆಸುತ್ತ ಬಾಗಿಲಿಗೆ ಬಂದು ನಿಂತರು. ನಾನು ಕಾದೆ. ಮಾದಪ್ಪಣ್ಣನ ಹಾಗೆ ಅವರೂ ‘ಮೊದಲೇ ಹೇಳಬಾರದಾಗಿತ್ತಾ, ತಿದ್ದು’ ಎಂದು ಗೋಗರೆಯಬೇಕು, ತಿದ್ದುವ ಹಾಗಿಲ್ಲ ಸಾರ್ ಎಂದು ನಾನು ಹೇಳಬೇಕು. ಆ ಒಂದು ಮಾತಿಗಾಗಿ ನಾಲ್ಕು ವರ್ಷ ಅವರ ಹಾಳೆಗಳಿಗೆ ಗಂಜಿ ಸವರಿದ್ದೆ. ಅವರು ಗೋಗರೆಯದಿದ್ದರೆ ‘ತಪ್ಪಾಯಿತು’ ಎಂದರೂ ಆಗುತ್ತಿತ್ತು. ಎರಡರಲ್ಲಿ ಒಂದನ್ನು ಕೇಳದೆ ಜಗಲಿ ಇಳಿಯುವುದಿಲ್ಲ ಎಂದು ಕೂತಿದ್ದೆ.

ಮೇಷ್ಟ್ರು ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿದರು. “ಮೂವತ್ತೈದೇ ಬಂದಿತ್ತು” ಎಂದರು. “ನಿನ್ನ ಅಕ್ಷರ ಅಂತ ಮೊದಲನೇ ಸಾಲಲ್ಲೇ ಗೊತ್ತಾಯ್ತು. ಅಷ್ಟು ದುಂಡಗೆ ಬರೆಯೋರು ಆ ಮೇಜಿನ ಮೇಲೆ ಇನ್ನೊಬ್ಬರಿರ್ಲಿಲ್ಲ. ನೀನೂ ಬೇರೆಯೋರಂಗೆ ಗೀಚಿದ್ದಿದ್ರೆ ಪಾಸಾಗ್ತಿದ್ದೆ ಕಣಮ್ಮಾ.”

ನನ್ನ ಬೆರಳ ಗೆಣ್ಣುಗಳು ತಾವಾಗಿಯೇ ಮಡಚಿಕೊಂಡವು.

ಅವರು ಕನ್ನಡಕ ಹಾಕಿಕೊಂಡರು. “ಎಷ್ಟು ಹಾಕಿಸ್ದೆ? ಹನ್ನೆರಡಾ?”

“ಹನ್ನೆರಡು ಸಾರ್.”

“ನಮ್ಮೋನೇ ತಾನೆ” ಎಂದರು. “ಎರಡು ಕಳಿ.”

ಕ್ಷಮೆಯನ್ನೂ ಕೇಳಲಿಲ್ಲ, ತಿದ್ದು ಎಂದೂ ಬೇಡಲಿಲ್ಲ. ನನಗೆ ಏನನ್ನೂ ಕೊಡದೆ, ತಾವೇ ಪೇಪರು ತಿದ್ದಿ, ತಾವೇ ಫೇಲಾಗಿ, ಮತ್ತೆ ನ್ಯಾಯವಂತರಾಗಿ ಕೂತುಬಿಟ್ಟರು. ಸಾಯುವ ತನಕ ಹಾಗೇ ಇದ್ದರು. ಅವರ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಕಿವಿ ಹೋದ ದಿನವೂ ಯಾರ ಮೇಲೂ ಬಂದಿರಲಿಲ್ಲ. ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಹನ್ನೆರಡನ್ನು ಹೊಡೆದು ಪಕ್ಕದಲ್ಲಿ ಹತ್ತು ಎಂದು ಬರೆದೆ. ಗೀಚಬೇಕೆಂದೇ ಪೆನ್ನು ಒತ್ತಿದ್ದೆ. ದುಂಡಗೆ ಬಂತು.